ಡೇರಿಯ ಕಂಪ್ಯೂಟರೂ ಅಕ್ಕ ಹೇಳದ ಹೆಸರೂ

ತೆಕ್ಕಟ್ಟೆಯಲ್ಲಿ ಹೆದ್ದಾರಿ ಬಿಟ್ಟು ಪೂರ್ವಕ್ಕೆ ಒಳದಾರಿ ಹಿಡಿದರೆ ಸಿಗುವ ಒಂದೂರಿನ ಹಾಲು ಉತ್ಪಾದಕರ ಸಂಘಕ್ಕೆ ನಾನು ಬಹಳ ವರ್ಷ ಕಾರ್ಯದರ್ಶಿಯಾಗಿದ್ದೆ. ಸಂಘ ಎಂಬುದು ಬೋರ್ಡಿನಲ್ಲಿ ಮಾತ್ರ, ಜನರ ಬಾಯಲ್ಲಿ ಅದು ಡೇರಿ. ಕಾರ್ಯದರ್ಶಿ ಎಂದರೆ ಏನೋ ಘನವಾದ ಹುದ್ದೆ ಎಂದು ದೂರದವರು ತಿಳಿಯಬಾರದು. ಬಂದ ಕಾಗದಕ್ಕೆಲ್ಲ ಸಹಿ ಹಾಕುವವ, ಹಾಲಿನ ವ್ಯಾನು ತಡವಾದರೆ ರಸ್ತೆಗೆ ಹೋಗಿ ನಿಲ್ಲುವವ, ಹಾಲು ಒಡೆದರೆ ಬೈಸಿಕೊಳ್ಳುವವ, ಈ ಮೂವರೂ ಒಬ್ಬನೇ ಆಗಿದ್ದರೆ ಅವನನ್ನು ಕಾರ್ಯದರ್ಶಿ ಎನ್ನುತ್ತಾರೆ.

ಡೇರಿಯ ನಿಜವಾದ ಆಡಳಿತ ಇದ್ದದ್ದು ಅಕ್ಕನ ಕೈಯಲ್ಲಿ. ಬಾಗಿಲಿನ ಬೀಗದ ಕೈ ಅವರ ಸೊಂಟದಲ್ಲಿ. ಹಾಲು ಅಳೆಯುವುದು, ಸ್ಯಾಂಪಲ್ ತೆಗೆದು ಪರೀಕ್ಷೆ ಮಾಡುವುದು, ಪುಸ್ತಕದಲ್ಲಿ ಬರೆಯುವುದು ಎಲ್ಲವೂ ಅವರದೇ. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ, ಅವರು ನನ್ನನ್ನು ಅಣ್ಣ ಎನ್ನುತ್ತಿದ್ದರು. ಇಬ್ಬರಲ್ಲಿ ದೊಡ್ಡವರು ಯಾರೆಂಬುದು ಕೊನೆಯವರೆಗೂ ತೀರ್ಮಾನವಾಗಲಿಲ್ಲ, ಆಗದಿರುವುದೇ ಇಬ್ಬರಿಗೂ ಅನುಕೂಲವಾಗಿತ್ತು.

ಕಿಟಕಿಯ ಪಕ್ಕ ಅಕ್ಕನದ್ದೊಂದು ಮರದ ಕುರ್ಚಿ ಇತ್ತು. ಅದರ ಮಹತ್ವವನ್ನು ಸ್ವಲ್ಪ ವಿವರಿಸಬೇಕು. ಶಾಲೆಯ ಟೀಚರನ್ನು ಬಿಟ್ಟರೆ ನಮ್ಮೂರಿನಲ್ಲಿ ಒಬ್ಬ ಹೆಂಗಸು ಕುರ್ಚಿಯಲ್ಲಿ ಕೂತು, ಗಂಡಸರು ಎದುರಿಗೆ ಕ್ಯಾನು ಹಿಡಿದು ನಿಂತು ತಮ್ಮ ಸರದಿ ಕಾಯುತ್ತಿದ್ದ ಜಾಗ ಅದೊಂದೇ. ಸಂಘದ ಅಧ್ಯಕ್ಷರು ಬಂದರೂ ಅಕ್ಕ ಏಳುತ್ತಿರಲಿಲ್ಲ. ಏಳಬಾರದೆಂಬ ಗರ್ವದಿಂದಲ್ಲ, ಒಂದು ಕೈಯಲ್ಲಿ ಸ್ಯಾಂಪಲ್ ಬಾಟಲಿ, ಇನ್ನೊಂದರಲ್ಲಿ ಪೆನ್ನು ಇರುವಾಗ ಏಳುವುದು ಹೇಗೆ. ಅಧ್ಯಕ್ಷರಿಗೂ ಅದು ಅಭ್ಯಾಸವಾಗಿತ್ತು. ಅವರೂ ಕ್ಯಾನು ಹಿಡಿದು ನಿಲ್ಲುತ್ತಿದ್ದರು.

ಹೊಸ ಶತಮಾನ ಶುರುವಾಗಿ ಮೂರೋ ನಾಲ್ಕೋ ವರ್ಷವಾದಾಗ ನಮ್ಮ ಮೇಲಿನ ಕಚೇರಿಯವರಿಗೆ ಎಲ್ಲ ಡೇರಿಗಳಿಗೂ ಕಂಪ್ಯೂಟರ್ ಕೊಡಿಸಬೇಕೆಂಬ ಸದ್ಬುದ್ಧಿ ಬಂತು. ಹಾಲನ್ನು ತಟ್ಟೆಯ ಮೇಲಿಟ್ಟರೆ ತೂಕ ತಾನಾಗಿ ಬೀಳುತ್ತದೆ, ಇನ್ನೊಂದು ಪೆಟ್ಟಿಗೆಗೆ ಒಂದು ಚಮಚ ಹಾಲು ಕುಡಿಸಿದರೆ ಅದರ ಕೊಬ್ಬು ಎಷ್ಟೆಂದು ಹೇಳುತ್ತದೆ, ಕಡೆಗೆ ಪ್ರಿಂಟರ್ ಒಂದು ಚೀಟಿಯನ್ನು ಕರಕರ ಎಂದು ಹೆರುತ್ತದೆ. ಮನುಷ್ಯರು ಮಾಡಬೇಕಾದದ್ದು ಬಹಳ ಕಡಿಮೆ ಎಂದು ಸುತ್ತೋಲೆಯಲ್ಲಿ ಬರೆದಿತ್ತು. ಆ ಕಡಿಮೆ ಕೆಲಸವನ್ನು ಮಾಡುವ ಮನುಷ್ಯರು ಹೇಗಿರಬೇಕೆಂಬ ಬಗ್ಗೆ ಅದರ ಕೆಳಗೆ ಎರಡು ಪುಟ ಇತ್ತು.

ಎರಡು ಪುಟದ ಸಾರಾಂಶ ಇಷ್ಟೇ. ಈಗಿರುವ ಟೆಸ್ಟರ್, ಅಂದರೆ ನಮ್ಮಲ್ಲಿ ಅಕ್ಕ, ಯಂತ್ರವನ್ನು ಯಾರ ನೆರವೂ ಇಲ್ಲದೆ ತೆರೆದು, ಹಾಲು ತೆಗೆದುಕೊಂಡು, ಮುಚ್ಚಿ ತೋರಿಸಬೇಕು. ಬ್ರಹ್ಮಾವರದಿಂದ ಸೂಪರ್‌ವೈಸರ್ ಒಬ್ಬರು ಬಂದು ಎದುರಿಗೆ ನಿಂತು ನೋಡುತ್ತಾರೆ. ಆದರೆ ಸರಿ, ಆಗದಿದ್ದರೆ ಹೊರಗಿನಿಂದ ತರಬೇತಿಯಾದವರನ್ನು ಕಳಿಸುತ್ತಾರೆ. ಆಗ ಹಳೆಯ ಟೆಸ್ಟರಿಗೆ ಕ್ಯಾನು ತೊಳೆಯುವ ಕೆಲಸ ಕೊಡಬಹುದು ಎಂದು ಬಹಳ ಔದಾರ್ಯದಿಂದ ಸೂಚಿಸಿದ್ದರು.

ಅಕ್ಕ ಸುತ್ತೋಲೆಯನ್ನು ಓದಿ, "ಕ್ಯಾನ್ ತೊಳುಕೆ ಕುರ್ಚಿ ಬ್ಯಾಡ ಅಲ್ದಾ," ಎಂದು ಕೇಳಿದರು. ನಾನು ಸುತ್ತೋಲೆಯನ್ನು ಮಡಚಿ ಫೈಲಿಗೆ ಸೇರಿಸಿದೆ.

ಅಕ್ಕನಿಗೆ ಕಲಿಸಬೇಕಾದವನು ನಾನು. ಅದಕ್ಕಾಗಿ ನನ್ನನ್ನು ಕುಂದಾಪುರಕ್ಕೆ ತರಬೇತಿಗೆ ಕಳಿಸಿದ್ದರು. ಅಲ್ಲಿ ನಮ್ಮಂಥ ಹಲವು ಡೇರಿಗಳ ಕಾರ್ಯದರ್ಶಿಗಳು, ಬಹುತೇಕ ಕನ್ನಡಕದವರು, ಚಪ್ಪಲಿಯನ್ನು ಹೊರಗೆ ಬಿಟ್ಟು ಗರ್ಭಗುಡಿಗೆ ಹೋದವರಂತೆ ಒಳಗೆ ಹೋದೆವು. ಕಲಿಸಿದ್ದೆಲ್ಲ ಇಂಗ್ಲಿಷಿನಲ್ಲಿತ್ತು, ಊಟ ಚೆನ್ನಾಗಿತ್ತು. ತರಬೇತಿ ಮುಗಿಯುವಾಗ ಯಂತ್ರವನ್ನು ಆರಿಸುವುದನ್ನು ನಾನು ಸಂಪೂರ್ಣ ಕಲಿತಿದ್ದೆ. ಹೊತ್ತಿಸುವುದರ ಬಗ್ಗೆ ಕೆಲವು ಸಂಶಯಗಳು ಉಳಿದಿದ್ದವು. ಊರಿಗೆ ಬಂದ ಮೇಲೆ ಎಲ್ಲರೂ ಕೇಳುವವರೇ. ಗಂಭೀರವಾಗಿ ತಲೆಯಾಡಿಸಿ, ಅದರಲ್ಲಿ ಹೆದರುವಂಥದ್ದೇನೂ ಇಲ್ಲ ಎಂದೆ. ಹಾಗೆ ಹೇಳುವುದನ್ನೂ ಅಲ್ಲೇ ಕಲಿಸಿದ್ದರು.

ಯಂತ್ರವನ್ನು ಕೂರಿಸಲು ಬಂದ ಎಂಜಿನಿಯರು ಒಳ್ಳೆಯವರು. ಮೈಸೂರು ಕಡೆಯವರು, ಪಾಪ, ಸೆಕೆಗೆ ಬೆಂದು ಹೋಗಿದ್ದರು. ಅಧ್ಯಕ್ಷರು ಕೀಬೋರ್ಡಿನ ಎದುರಿಗೇ ತೆಂಗಿನಕಾಯಿ ಒಡೆಯಲು ಹೊರಟಾಗ ಅವರು ಕೂಗಲಿಲ್ಲ, ಕೈ ಮುಗಿದು ಹೊರಗಿನ ಮೆಟ್ಟಿಲು ತೋರಿಸಿದರು. ಆಮೇಲೆ ಸದಸ್ಯರ ಹೆಸರುಗಳನ್ನು ಯಂತ್ರಕ್ಕೆ ತುಂಬಿಸುವ ಕೆಲಸ ಶುರುವಾಯಿತು. ಒಬ್ಬೊಬ್ಬರಾಗಿ ಬಂದು ಹೆಸರು ಹೇಳಿ ನಂಬರು ತೆಗೆದುಕೊಂಡು ಹೋಗಬೇಕು. ಇಷ್ಟು ಸುಲಭದ ಕೆಲಸಕ್ಕೆ ಮಧ್ಯಾಹ್ನದವರೆಗೆ ಹಿಡಿಯುತ್ತದೆಂದು ಅವರಿಗೆ ಗೊತ್ತಿರಲಿಲ್ಲ.

ವಿಷಯ ಹೀಗೆ. ಸದಸ್ಯತ್ವ ಇರುವುದು ಗಂಡಸರ ಹೆಸರಿನಲ್ಲಿ, ಹಾಲು ತರುವುದು ಹೆಚ್ಚಾಗಿ ಹೆಂಗಸರು. ನಮ್ಮ ಕಡೆಯ ಆ ತಲೆಮಾರಿನ ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವವರಲ್ಲ. ಎಂಜಿನಿಯರು ಯಜಮಾನರ ಹೆಸರೇನು ಎಂದು ಕೇಳಿದ ಕೂಡಲೇ ಎದುರು ನಿಂತವರು ಹಿಂದೆ ನಿಂತವರ ಮುಖ ನೋಡುತ್ತಿದ್ದರು. ಹಿಂದಿನವರು ಮುಂದಿನವರ ಗಂಡನ ಹೆಸರು ಹೇಳುತ್ತಿದ್ದರು. ಅವರ ಸರದಿ ಬಂದಾಗ ಅವರ ಹಿಂದಿನವರು. ವಾರ್ಷಿಕ ಸಭೆಯಲ್ಲಿ ಸಹಕಾರ ತತ್ವದ ಬಗ್ಗೆ ನಾನು ಎಷ್ಟೋ ಸಲ ಭಾಷಣ ಮಾಡಿದ್ದೇನೆ, ಅದು ಇಷ್ಟು ಶುದ್ಧ ರೂಪದಲ್ಲಿ ಜಾರಿಯಾದದ್ದನ್ನು ಮಾತ್ರ ಅಂದೇ ಕಂಡೆ. ಸಾಲಿನ ಕೊನೆಯಲ್ಲಿ ನಿಂತವರಿಗೆ ಹಿಂದೆ ಯಾರೂ ಇಲ್ಲದೆ ಕಾರ್ಯದರ್ಶಿಯೇ ಆ ಸ್ಥಾನ ತುಂಬಬೇಕಾಯಿತು.

ಕೊನೆಗೆ ಅಕ್ಕನ ಸರದಿ. ಅವರಿಗೆ ಸದಸ್ಯ ನಂಬರಿನ ಜೊತೆಗೆ ಪಾಸ್‌ವರ್ಡ್ ಕೂಡ ಆಗಬೇಕು. ಎಂಜಿನಿಯರು ತಾಳ್ಮೆಯಿಂದ ಬಿಡಿಸಿ ಹೇಳಿದರು. ಅದು ಯಂತ್ರದ ಬೀಗದ ಕೈ ಇದ್ದಂತೆ, ದಿನಾ ಬೆಳಿಗ್ಗೆ ಅದನ್ನು ಒತ್ತಿದರೆ ಮಾತ್ರ ತೆರೆಯುತ್ತದೆ, ನೀವು ಎಂದೂ ಮರೆಯಬಾರದು, ಬೇರೆ ಯಾರಿಗೂ ಹೇಳಬಾರದು, ಅಂಥದ್ದೊಂದು ಹೆಸರು ಬೇಕು. ಅಕ್ಕ ಯೋಚಿಸುತ್ತಾ ಕುಳಿತರು. ಅವರಿಗೆ ನೆರವಾಗಲೆಂದು ಎಂಜಿನಿಯರೇ, ಮನೆಯವರ ಹೆಸರನ್ನೇ ಹಾಕುವ, ಅದನ್ನು ಯಾರು ಮರೆಯುತ್ತಾರೆ ಎಂದರು. ಅಕ್ಕ ಗೋಡೆ ನೋಡಿದರು. ಅಲ್ಲೇ ಕ್ಯಾನು ಹಿಡಿದು ನಿಂತಿದ್ದ ಅವರ ನೆರೆಮನೆಯವರು, ಕೆಳಮನೆಯಕ್ಕ ಎಂದು ನಾವೆಲ್ಲ ಕರೆಯುವವರು, ಬೆಳಗಿನಿಂದ ಆದ ರೂಢಿಯಂತೆ ಆ ಹೆಸರನ್ನು ಗಟ್ಟಿಯಾಗಿ, ಇಡೀ ಡೇರಿಗೆ ಕೇಳುವಂತೆ ಹೇಳಿಬಿಟ್ಟರು. ಎಂಜಿನಿಯರು ಅದನ್ನು ಎರಡು ಸಲ ಒತ್ತಿ, ಈಗ ಇದು ಗುಟ್ಟು ಎಂದು ಘೋಷಿಸಿದರು.

ಆ ಗುಟ್ಟು ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಅದನ್ನು ಹೇಳದವರು ಒಬ್ಬರೇ.

ಅದರ ತೊಡಕು ನನಗೆ ಆಗಲೇ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಯಾಕೆಂದರೆ ಮೊದಲು ಎದುರಾದ ತೊಡಕು ಬೇರೆ. ಮರುದಿನ ಅಕ್ಕ ಕೀಬೋರ್ಡನ್ನು ಎರಡೂ ಬದಿಯಿಂದ ಬಗ್ಗಿ ನೋಡಿ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡರು.

"ಗಂಟಿಗೂ ಮೇಲ್ ಬದಿ ಮುಂದಿನ ಹಲ್ಲಿಲ್ಲ ಅಣ್ಣ," ಎಂದರು. "ಇಷ್ಟೆಲ್ಲ ಹಲ್ಲ್ ಇಪ್ಪು ಪ್ರಾಣಿ ಬಾಯಿಗೆ ಕೈ ಹಾಕುದ್ ಹ್ಯಾಂಗೆ?"

ಜೀವಮಾನವಿಡೀ ದನಗಳ, ನಮ್ಮ ಮಾತಿನಲ್ಲಿ ಗಂಟಿಗಳ, ಜೊತೆ ಇದ್ದವರ ಮಾತು ಅದು, ತಳ್ಳಿಹಾಕುವಂಥದ್ದಲ್ಲ. ನಾನು ಆ ರಾತ್ರಿ ಊಟವಾದ ಮೇಲೆ ಕೂತು ಯೋಚಿಸಿದೆ. ನಮ್ಮ ಡೇರಿಗೆ ಬೇಕಾದ ಹಲ್ಲುಗಳು ಎಷ್ಟು? ಬಲಬದಿಯ ಅಂಕಿಗಳು, ಮುಂದೆ ಹೋಗಲು ಒಂದು, ಹಿಂದೆ ಬರಲು ಒಂದು, ಚೀಟಿ ಹೊಡೆಯಲು ಒಂದು. ಉಳಿದವೆಲ್ಲ ನಮ್ಮನ್ನು ಹೆದರಿಸಲಿಕ್ಕೆಂದೇ ಇಟ್ಟವು. ಬೆಳಿಗ್ಗೆ ಕ್ಯಾಲೆಂಡರಿನ ಹಿಂದಿನ ದಪ್ಪ ರಟ್ಟನ್ನು ಕತ್ತರಿಸಿ, ಬೇಕಾದ ಕೀಗಳಿಗಷ್ಟೇ ಬ್ಲೇಡಿನಿಂದ ತೂತು ಕೊರೆದು, ಕೀಬೋರ್ಡಿನ ಮೇಲೆ ಮುಚ್ಚಿದೆ. ಮೇಯುವ ಹಟಕ್ಕೆ ಬಿದ್ದ ಕರುವಿನ ಬಾಯಿಗೆ ಕುಕ್ಕೆ ಕಟ್ಟಿದಂತೆ ಕಾಣುತ್ತಿತ್ತು. ಅಕ್ಕನಿಗೂ ಹಾಗೇ ಕಂಡಿರಬೇಕು. ಮೊದಲ ಬಾರಿಗೆ ಸೆರಗಿನಿಂದ ಕೈ ಹೊರಗೆ ಬಂತು.

ಇಂಗ್ಲಿಷಿನಲ್ಲಿ ಎಂಟರ್ ಎನ್ನುವ ಕೀಯ ಮೇಲೆ ಕಾಗದ ಅಂಟಿಸಿ 'ಹೂಂ' ಎಂದು ಬರೆದೆ. ಹಿಂದೆ ಬರುವ ಎಸ್ಕೇಪ್ ಕೀಯ ಮೇಲೆ 'ಬ್ಯಾಡ'. ಕಂಪ್ಯೂಟರ್ ಏನೇ ಕೇಳಿದರೂ ಈ ಎರಡರಲ್ಲಿ ಒಂದು ಉತ್ತರ ಸಾಕು ಎಂದು ಹೇಳಿದೆ. ಅಕ್ಕನಿಗೆ ಇದು ತಕ್ಷಣ ಹಿಡಿಸಿತು. ಮನೆಯಲ್ಲಿಯೂ ಮಾತುಕತೆ ಬಹುತೇಕ ಹಾಗೇ ನಡೆಯುವುದು ಎಂದರು.

ಆಮೇಲೆ ಕಲಿಕೆ ಓಡಿತು. ಕರೆಂಟು ಹೋದಾಗ ಕೆಳಗಿನ ಯು.ಪಿ.ಎಸ್. ಪೆಟ್ಟಿಗೆ ಕುಂಯ್ ಕುಂಯ್ ಎಂದು ಅಳುತ್ತಿತ್ತು. ಮೊದಲ ದಿನ ಅಕ್ಕ ಬೆಚ್ಚಿ ಎದ್ದು ನಿಂತರು, ವಾರ ಕಳೆಯುವುದರೊಳಗೆ ಕೂತಲ್ಲಿಂದಲೇ, "ತಡಿ ಮಾರಾಯ, ಬಪ್ಪುಕಿತ್ತ್ ಕರೆಂಟ್," ಎಂದು ಸಮಾಧಾನ ಹೇಳುತ್ತಿದ್ದರು. ಹಾಲು ತಂದವರನ್ನು ಮನೆಯ ಹೆಸರಿನಿಂದ ಕರೆದು, ಅವರು ಉತ್ತರ ಕೊಡುವ ಮೊದಲೇ ನಂಬರು ಒತ್ತಿ, ಹೂಂ ಒತ್ತಿ, ಚೀಟಿ ಹರಿದು ಕೈಗೆ ಕೊಡುತ್ತಿದ್ದರು. ಸಾಲಿನಲ್ಲಿ ನಿಂತವರು ಹ್ವಾಯ್ ಬೇಗ ಬೇಗ ಎಂದರೆ, ಅವಸರ ನನ್ನದಲ್ಲ ಮಿಶನ್ನಿನದು ಎಂದು ಪಳಗಿದ ಕೈಯವರ ಧಾಟಿಯಲ್ಲೇ ಗದರಿಸುತ್ತಿದ್ದರು. ಎರಡು ವಾರ ಕಳೆದಾಗ ನನಗಿಂತ ಚೆನ್ನಾಗಿ ಮಾಡುತ್ತಿದ್ದರು. ಇದು ಅವರ ಹೊಗಳಿಕೆಯಲ್ಲ, ನನ್ನ ವೇಗ ಕಂಡವರಿಗೆ ಗೊತ್ತು.

ಒಂದು ಕೆಲಸ ಮಾತ್ರ ಅವರು ಮಾಡುತ್ತಿರಲಿಲ್ಲ. ಬೆಳಿಗ್ಗೆ ಯಂತ್ರ ಹೊತ್ತಿಸಿದ ಕೂಡಲೇ ಅದು ಪಾಸ್‌ವರ್ಡ್ ಕೇಳುತ್ತದೆ. ಆಗ ಅಕ್ಕ, "ಅಣ್ಣ, ಅದೊಂದ್ ನೀವೇ ಒತ್ತಿಬಿಡಿ," ಎಂದು ಮುಖ ತಿರುಗಿಸಿ ಗೋಡೆಯ ಕ್ಯಾಲೆಂಡರ್ ಓದುತ್ತಿದ್ದರು. ನಾನು ರಟ್ಟು ಎತ್ತಿ, ಒಂದೇ ಬೆರಳಿನಿಂದ ಒಂದೊಂದೇ ಅಕ್ಷರ ಹುಡುಕಿ ಒತ್ತಿ, ರಟ್ಟು ಮುಚ್ಚುತ್ತಿದ್ದೆ. ಇಂಗ್ಲಿಷ್ ಅಕ್ಷರದ ಹೆದರಿಕೆ ಇರಬೇಕು, ನಿಧಾನವಾಗಿ ಕಲಿಸಿದರಾಯಿತು ಎಂದುಕೊಂಡೆ. ಒಂದು ದಿನ ಕಲಿಸಲು ಹೊರಟಾಗಲೇ ತಿಳಿದದ್ದು. ಅಕ್ಕ ಏಳನೆಯ ಕ್ಲಾಸು ಓದಿದವರು, ಅಕ್ಷರಗಳೆಲ್ಲ ಗೊತ್ತಿದ್ದವು. ಗೊತ್ತಿದ್ದದ್ದೇ ಕಷ್ಟವಾಗಿತ್ತು. ಗಂಡನ ಹೆಸರನ್ನು ಮದುವೆಯಾದಂದಿನಿಂದ ಹೇಳಿದವರಲ್ಲ, ಬರೆದವರೂ ಅಲ್ಲ. ಈಗ ನೂರು ಜನ ನಿಲ್ಲುವ ಡೇರಿಯಲ್ಲಿ ಕೂತು ಅದನ್ನು ದಿನಾ ಒತ್ತಬೇಕು.

ಅಷ್ಟರಲ್ಲಿ ಬ್ರಹ್ಮಾವರದಿಂದ ಕಾಗದ ಬಂತು. ಮುಂದಿನ ವಾರ ಸೂಪರ್‌ವೈಸರ್ ಬರುತ್ತಾರೆ. ತೆರೆಯುವುದರಿಂದ ಮುಚ್ಚುವವರೆಗೆ ಟೆಸ್ಟರ್ ಒಬ್ಬರೇ ಮಾಡಬೇಕು, ಕಾರ್ಯದರ್ಶಿ ಕೈ ಹಾಕಕೂಡದು ಎಂದು ಕೆಳಗೆ ಗೆರೆ ಎಳೆದಿದ್ದರು. ನನ್ನ ಕೈಯ ಬಗ್ಗೆ ಅವರಿಗೆ ಹೇಗೆ ಗೊತ್ತಾಯಿತೋ.

ಪಾಸ್‌ವರ್ಡ್ ಬದಲಿಸಿದರೆ ಮುಗಿಯಿತಲ್ಲ ಎಂದು ಯಾರಿಗಾದರೂ ಅನಿಸುತ್ತದೆ. ನನಗೂ ಅನಿಸಿತು. ಆದರೆ ಬದಲಿಸುವ ಡಿಸ್ಕು ಎಂಜಿನಿಯರರ ಬಳಿ, ಎಂಜಿನಿಯರು ಬೈಂದೂರು ಕಡೆಯ ಡೇರಿಗಳಲ್ಲಿ. ಫೋನಿಗೆ ಸಿಗಲಿಲ್ಲ. ಬಸ್ಸು ಹತ್ತಿ ಕುಂದಾಪುರ, ಅಲ್ಲಿಂದ ಇನ್ನೊಂದು ಬಸ್ಸು ಹತ್ತಿ ಬೈಂದೂರು, ಅಲ್ಲಿಂದ ರಿಕ್ಷಾ ಹಿಡಿದು ಹೋದೆ. ಸಿಕ್ಕರು. ಸಿಕ್ಕಿದ ಮೇಲೆ ವಿಷಯ ಹೇಳುವುದು ಹೇಗೆ? ಅಕ್ಕ ಮರೆತರೇ ಎಂದು ಅವರು ಕೇಳಿದರು. ಇಲ್ಲ ಎಂದೆ. ಸ್ಪೆಲಿಂಗ್ ಬರುವುದಿಲ್ಲವೇ? ಬರುತ್ತದೆ. ಬೇರೆಯವರಿಗೆ ತಿಳಿದುಹೋಯಿತೇ? ಅದೊಂದನ್ನು ನಾನು ನುಂಗಿಕೊಂಡೆ. ಹಾಗಾದರೆ ಕಷ್ಟ ಏನು ಎಂದರು. ಅಕ್ಕ ಆ ಹೆಸರು ಹೇಳುವುದಿಲ್ಲ ಎಂದೆ. ಹೇಳುವುದು ಬೇಡವೇ ಬೇಡ, ಒತ್ತಿದರೆ ಸಾಕು ಎಂದು ಅವರು ನನ್ನನ್ನು ಕನಿಕರದಿಂದ ನೋಡಿದರು. ಡಿಸ್ಕು ರಿಪೇರಿಗೆ ಹೋಗಿದೆ, ಬರುವಾಗ ಮುಂದಿನ ತಿಂಗಳು ಎಂಬುದನ್ನೂ ತಿಳಿಸಿ ಚಾ ಕುಡಿಸಿ ಕಳಿಸಿದರು. ಚಾ ಒಳ್ಳೆಯದಿತ್ತು.

ಬೈಂದೂರಿನಿಂದ ಬಂದವನು ನೇರ ಅಕ್ಕನ ಮನೆಗೆ ಹೋದೆ. ಹೆಸರಿನ ಮಾಲೀಕರಿಂದಲೇ ಅನುಮತಿ ಪಡೆದರೆ ಹೇಗೆ ಎಂಬುದು ದಾರಿಯಲ್ಲಿ ಹೊಳೆದ ಉಪಾಯ. ಅಕ್ಕನ ಯಜಮಾನರು ಬೊಂಬಾಯಿಯ ಹೋಟೆಲಿನಲ್ಲಿ ದುಡಿದು, ಬೆನ್ನುನೋವು ಸಂಪಾದಿಸಿ ಊರಿಗೆ ಬಂದವರು. ಹಟ್ಟಿಯಲ್ಲಿ ದನಕ್ಕೆ ಹುಲ್ಲು ಹಾಕುತ್ತಿದ್ದರು. ನಾನು ಆದದ್ದೆಲ್ಲ ಹೇಳಿ, ನಿಮ್ಮ ಅಭ್ಯಂತರ ಇಲ್ಲವೆಂದು ಒಂದು ಮಾತು ಹೇಳಿ ಎಂದು ಕೇಳಿಕೊಂಡೆ.

"ನಂಗೆಂತ ಅಡ್ಡಿ ಇಲ್ಲ ಮಾರಾಯ್ರೆ, ಒತ್ತಲಿ," ಎಂದರು ಅವರು. "ಬೊಂಬಾಯಂಗೆ ಎಲ್ಲರೂ ಮೇನೇಜರ್ ಅಂದ್ರ್. ಮನ್ಯಂಗೆ ಹ್ವಾಯ್ ಅಂಬುದ್. ಆ ಹೆಸ್ರ್ ನಂಗಂತೂ ಉಪಯೋಗಕ್ಕೆ ಬರ್ಲಿಲ್ಲ, ಮಿಶನ್ನಿಗಾರೂ ಬರ್ಲಿ."

ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಅಡಿಗೆಮನೆಯ ಬಾಗಿಲಿನಿಂದ ಅಕ್ಕನ ಸ್ವರ ಬಂತು.

"ಅವ್ರ್ ಅಡ್ಡಿ ಇಲ್ಲ ಅಂದ್ರೆ ಆಯ್ತಾ ಅಣ್ಣ? ಹೇಳ್ದೆ ಇಪ್ಪುದ್ ನಾನ್, ಅವ್ರಲ್ಲ."

ಇದಕ್ಕೆ ಕಾನೂನಿನಲ್ಲಿ ಏನು ಉತ್ತರವಿದೆಯೋ ನನಗೆ ತಿಳಿಯದು. ಯಜಮಾನರು ಹುಲ್ಲಿನ ಕಡೆ ತಿರುಗಿದರು. ಅಕ್ಕ ಹೊರಗೆ ಬಂದು ಚಾವಡಿಯ ಅಂಚಿಗೆ ಕೂತು, ಮನಸ್ಸಿನಲ್ಲಿದ್ದದ್ದನ್ನು ಹೇಳಿದರು.

"ಒತ್ತುಕೆ ನಾ ಹ್ಯಾಂಗೋ ಮನ್ಸ್ ಗಟ್ಟಿ ಮಾಡ್ಕಂಬೆ. ಒತ್ತಿದ್ ಕೂಡ್ಲೆ ಅದ್ ಅಷ್ಟ್ ದೊಡ್ಡ ಪರದೆ ಮೇಲೆ ಬಂದ್ ಕೂಕಂತ್ತಲೆ? ನಿಂತ್ಕಂಡವ್ರೆಲ್ಲ ಕಾಂತ್ರ್. ಬಾಯಂಗೆ ಹೇಳೂಕೂ ಬೋರ್ಡ್ ಬರ್ಸಿ ನೇತ್ ಹಾಕೂಕೂ ಎಂತ ವ್ಯತ್ಯಾಸ ಅಣ್ಣ?"

ಪರದೆಯ ಮೇಲೆ ನಿಜವಾಗಿ ಏನು ಬರುತ್ತದೆ ಎಂದು ನಾನು ಹೇಳಬಹುದಿತ್ತು, ಗೊತ್ತಿದ್ದರೆ. ಒಂದೇ ಬೆರಳಿನಲ್ಲಿ ಒತ್ತುವವನ ಕಣ್ಣು ಕೀಗಳ ಮೇಲೆಯೇ ಇರುತ್ತದೆ. ನಾನು ತಲೆ ಎತ್ತುವಷ್ಟರಲ್ಲಿ ಯಂತ್ರ ಆ ಪುಟವನ್ನು ದಾಟಿ ತಾರೀಕು ಕೇಳುತ್ತಿತ್ತು. ಒತ್ತಿದ ಹೆಸರು ಎದುರಿಗೆ ಬಂದೇ ಬರುತ್ತದೆ ಎಂದು ನಾನೂ ನಂಬಿದ್ದೆ. ಹೆಸರು ಒತ್ತಿದರೆ ಹೆಸರು ಬರದೆ ಇನ್ನೇನು ಬಂದೀತು?

ಕೊನೆಯ ಪ್ರಯತ್ನವಾಗಿ ಇನ್ನೊಂದು ರಟ್ಟು ಕತ್ತರಿಸಿದೆ. ಈ ಸಲ ಅಕ್ಷರಗಳ ಜಾಗದಲ್ಲಿ ಆ ಹೆಸರಿಗೆ ಬೇಕಾದಷ್ಟೇ ತೂತು, ತೂತಿನ ಪಕ್ಕ ಒಂದು, ಎರಡು, ಮೂರು ಎಂದು ನಂಬರು. ಒಂದೇ ಅಕ್ಷರ ಮತ್ತೆ ಮತ್ತೆ ಬರುವ ಹೆಸರಾದ್ದರಿಂದ ಒಂದು ತೂತಿಗೆ ಎರಡೆರಡು ನಂಬರು ಬಿತ್ತು. ಒಟ್ಟು ಎಷ್ಟು ತೂತು ಎಂದು ಹೇಳುವುದಿಲ್ಲ, ಹೇಳಿದರೆ ನೀವು ಹೆಸರು ಊಹಿಸುತ್ತೀರಿ. ಅಕ್ಷರವನ್ನು ನೋಡುವುದೇ ಬೇಡ, ನಂಬರಿನ ಪ್ರಕಾರ ಒತ್ತುತ್ತಾ ಹೋಗಿ, ಅದು ಹೆಸರೇ ಅಲ್ಲ, ಬರೀ ಲೆಕ್ಕ ಎಂದು ಅಕ್ಕನ ಎದುರು ವಾದ ಮಂಡಿಸಿದೆ.

ಅಕ್ಕ ರಟ್ಟನ್ನು ತಿರುಗಿಸಿ ನೋಡಿದರು. "ವಿಮೆಯವ್ರ್ ದನದ್ ಕಿವಿಗೆ ನಂಬ್ರ ಹೊಡಿತ್ರ್," ಎಂದರು. "ಹೊಡ್ದ್ ಮೇಲೂ ಅದ್ ದನವೇ ಅಲ್ದಾ ಅಣ್ಣ."

ಆದರೂ ರಟ್ಟನ್ನು ಎಸೆಯಲಿಲ್ಲ. ಕೀಬೋರ್ಡಿನ ಕೆಳಗೆ ಇಟ್ಟುಕೊಂಡರು. ಕ್ಯಾನು ತೊಳೆಯುವ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಸೂಪರ್‌ವೈಸರ್ ಬರುವ ಹಿಂದಿನ ಸಂಜೆ ಹಾಲು ಮುಗಿದ ಮೇಲೆ ಅಕ್ಕ ಒಂದು ಒದ್ದೆ ಬಟ್ಟೆ ತಂದು ತಮ್ಮ ಕುರ್ಚಿಯನ್ನು ಕಾಲು, ಬೆನ್ನು, ಕೈ ಎಲ್ಲ ಒರೆಸಿದರು. ಎಂದೂ ಹಾಗೆ ಮಾಡಿದವರಲ್ಲ. ನಾನು ವ್ಯಾನಿನ ಕಡೆ ಹೋದೆ.

ಸೂಪರ್‌ವೈಸರ್ ಬೆಳಗಿನ ಮೊದಲ ಬಸ್ಸಿಗೇ ಬ್ರಹ್ಮಾವರದಿಂದ ಹೊರಟು ಬಂದರು. ನಾವು ಗಂಡಸರೆಂದು ಎಣಿಸಿದ್ದೆವು, ಬಂದವರು ಹೆಂಗಸು. ಸಣ್ಣ ಪ್ರಾಯ, ದೊಡ್ಡ ಬ್ಯಾಗು, ನಗು ಕಡಿಮೆ. ವಿಷಯ ಊರಲ್ಲೆಲ್ಲ ಹಬ್ಬಿದ್ದರಿಂದ ಅಂದು ಹಾಲಿನ ಸಾಲು ಯಾವತ್ತಿಗಿಂತ ಬೇಗ ಮತ್ತು ಉದ್ದ. ದನ ಬತ್ತಿದವರೂ ಕ್ಯಾನು ಹಿಡಿದು ಬಂದಂತಿತ್ತು. ಅಕ್ಕನ ಯಜಮಾನರು, ಡೇರಿಗೆ ಎಂದೂ ಕಾಲಿಡದವರು, ಅಂದು ತಾವೇ ಹಾಲು ಹೊತ್ತು ತಂದು ಸಾಲಿನ ಕೊನೆಯಲ್ಲಿ, ಮೆಟ್ಟಿಲಿನ ಹೊರಗೆ ನಿಂತಿದ್ದರು.

ಸೂಪರ್‌ವೈಸರ್ ಶುರು ಮಾಡಿ ಎಂದರು. ಅಕ್ಕ ಸ್ವಿಚ್ಚುಗಳನ್ನು ಕ್ರಮದಲ್ಲಿ ಹಾಕಿದರು. ಯಂತ್ರ ಗುಂಯ್ ಎಂದು ಎಚ್ಚರಗೊಂಡಿತು, ಪರದೆ ಬೆಳಗಿತು, ಪಾಸ್‌ವರ್ಡ್ ಕೇಳಿತು. ಅಕ್ಕ ಅಂಕಿಯ ರಟ್ಟನ್ನು ತೆಗೆದು, ಕೆಳಗಿನಿಂದ ನಂಬರು ಹಾಕಿದ ರಟ್ಟನ್ನು ಎತ್ತಿ ಕೀಬೋರ್ಡಿನ ಮೇಲೆ ಸರಿಯಾಗಿ ಕೂರಿಸಿದರು. ಅಲ್ಲಿಗೆ ಅವರ ಕೈ ನಿಂತಿತು.

ಸೂಪರ್‌ವೈಸರ್ ಮರೆತುಹೋಯಿತೇ ಎಂದು ಕೇಳಿದರು. ಮರೆಯುವುದು ಹೇಗೆ ಎಂದು ಅಕ್ಕ ಮೆಲ್ಲಗೆ ಹೇಳಿದರು. ಸಾಲಿನ ಮುಂದೆಯೇ ಇದ್ದ ಕೆಳಮನೆಯಕ್ಕನಿಗೆ ತಡೆಯಲಾಗಲಿಲ್ಲ. "ಮೇಡಂ, ಅದ್ ನಾನೇ ಹೇಳ್..." ಎಂದು ಸಹಕಾರಕ್ಕೆ ಹೊರಟರು. ನಾನು ಸಂಘದ ಹಿತದೃಷ್ಟಿಯಿಂದ ಬಹಳ ಜೋರಾಗಿ ಕೆಮ್ಮಿದೆ.

ಸೂಪರ್‌ವೈಸರ್ ಅತ್ತ ತಿರುಗಿ, "ಯಾರೂ ಹೇಳಿಕೊಡಬಾರದು," ಎಂದರು. "ಪಾಸ್‌ವರ್ಡ್ ಹಾಕುವಾಗ ಯಾರೂ ನೋಡಲೂ ಬಾರದು. ಅದು ನಿಯಮ. ಎಲ್ಲರೂ ಆಚೆ ತಿರುಗಿ."

ಹೇಳಿದವರು ತಾವೂ ಬೆನ್ನು ತಿರುಗಿಸಿ ಬಾಗಿಲಿನ ಕಡೆ ಮುಖ ಮಾಡಿ ನಿಂತರು. ಸರ್ಕಾರಿ ನಿಯಮವೊಂದನ್ನು ನಮ್ಮೂರು ಅಷ್ಟು ಸಂತೋಷದಿಂದ ಪಾಲಿಸಿದ್ದನ್ನು ನಾನು ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ. ಕ್ಯಾನುಗಳು ಒಂದಕ್ಕೊಂದು ತಾಗಿ ಸದ್ದಾಯಿತು, ಇಡೀ ಸಾಲು ರಸ್ತೆಯ ಕಡೆ ತಿರುಗಿತು. ಕೆಳಮನೆಯಕ್ಕ ತಿರುಗಿದ್ದಲ್ಲದೆ ಕಣ್ಣನ್ನೂ ಮುಚ್ಚಿದರು. ಮೆಟ್ಟಿಲಿನ ಹೊರಗೆ ಅಕ್ಕನ ಯಜಮಾನರು ಎದುರಿನ ಗದ್ದೆಯನ್ನು ಹೊಸದಾಗಿ ಕಂಡವರಂತೆ ನೋಡುತ್ತಾ ನಿಂತರು. ನಾನು ಕ್ಯಾಲೆಂಡರ್ ಓದಿದೆ. ಅದರಲ್ಲಿ ಎಂತ ಇತ್ತೋ ನೆನಪಿಲ್ಲ.

ಬೆನ್ನ ಹಿಂದೆ ಒಂದು ಕೀ ಒತ್ತಿದ ಸದ್ದು ಬಂತು. ಒಂದೇ. ಆಮೇಲೆ ಏನೂ ಇಲ್ಲ.

"ಮೇಡಂ," ಎಂದರು ಅಕ್ಕ. "ಇಲ್ಲಿ ಒಂದ್ ನಕ್ಷತ್ರ ಬಂತಲೆ. ನಾ ಒತ್ತಿದ್ ಅದಲ್ಲ."

"ಅದು ಹಾಗೆಯೇ," ಎಂದರು ಸೂಪರ್‌ವೈಸರ್, ತಿರುಗದೆಯೇ. "ನೀವು ಯಾವ ಅಕ್ಷರ ಒತ್ತಿದರೂ ಅಲ್ಲಿ ನಕ್ಷತ್ರವೇ ಬರುವುದು. ಹೆಸರು ಕಾಣಿಸುವುದಿಲ್ಲ."

"ಒಟ್ಟೂ ಕಾಂತಿಲ್ಯಾ?"

"ಇಲ್ಲ. ಅದು ಯಾರಿಗೂ ತೋರಿಸುವುದಿಲ್ಲ."

ಅಕ್ಕ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ ಸದ್ದಾಯಿತು. ಆಮೇಲೆ, ಯಾರಿಗೆಂದು ಅಲ್ಲ, ತಮಗೇ ಹೇಳಿಕೊಂಡಂತೆ, "ಹಂಗಾರೆ ಇದೂ ಹೆಸ್ರ್ ಹೇಳುದಿಲ್ಲ," ಎಂದರು.

ಮುಂದಿನದ್ದು ನಾನು ಕಿವಿಯಲ್ಲಿ ಕೇಳಿದ್ದು. ಟಕ, ಟಕ, ಟಕ ಎಂದು ಸದ್ದು, ಎಲ್ಲೂ ತಡೆಯದೆ. ಕೊನೆಯಲ್ಲಿ ಸ್ವಲ್ಪ ದೊಡ್ಡ ಟಕ, ಅದು 'ಹೂಂ'. ನಾವು ತಿರುಗುವಾಗ ಪರದೆಯಲ್ಲಿ ತಾರೀಕು ಬಂದಿತ್ತು, ಅಕ್ಕ ನಂಬರಿನ ರಟ್ಟನ್ನು ತೆಗೆದು ಅಂಕಿಯ ರಟ್ಟನ್ನು ಕೂರಿಸುತ್ತಿದ್ದರು.

ಆಮೇಲಿನ ಪರೀಕ್ಷೆ ಪರೀಕ್ಷೆಯೇ ಅಲ್ಲ. ಅಕ್ಕನ ಕೈ ಓಡುತ್ತಿದ್ದುದನ್ನು ನೋಡಿ ಸೂಪರ್‌ವೈಸರ್ ತಮ್ಮ ಬ್ಯಾಗನ್ನು ಕೆಳಗಿಟ್ಟರು, ಸ್ವಲ್ಪ ಹೊತ್ತಿನಲ್ಲಿ ಸ್ಟೂಲಿನ ಮೇಲೆ ಕೂತರು. ಕೀಬೋರ್ಡಿನ ಮೇಲಿನ ರಟ್ಟಿನ ಕುಕ್ಕೆಯನ್ನು ಮುಟ್ಟಿ ನೋಡಿ, ಇದನ್ನು ಯಾರು ಮಾಡಿದ್ದು, ಬೇರೆ ಡೇರಿಗಳಿಗೂ ಹೇಳಬಹುದಲ್ಲ ಎಂದರು. ಹೂಂ ಮತ್ತು ಬ್ಯಾಡಗಳನ್ನು ಓದಿದಾಗ ಮಾತ್ರ ಅವರ ಮುಖದಲ್ಲಿ ಏನೋ ಸಡಿಲಾಯಿತು. ಅಕ್ಕನ ಯಜಮಾನರ ಸರದಿ ಬಂದಾಗ ಅಕ್ಕ ತಲೆ ಎತ್ತದೆ ನಂಬರು ಕೇಳಿದರು. ಅವರು ಹೇಳಿದರು. ಅಕ್ಕ ಚೀಟಿ ಹರಿದು ಕೊಟ್ಟು ಮುಂದಿನವರನ್ನು ಕರೆದರು. ಮುಂದೆ ಯಾರೂ ಇರಲಿಲ್ಲ.

ಎಲ್ಲ ಮುಗಿದು ಯಂತ್ರ ಮುಚ್ಚಿದ ಮೇಲೆ ಸೂಪರ್‌ವೈಸರ್ ತಮ್ಮ ಕಾಗದ ತೆಗೆದು ಒಂದೊಂದೇ ಪ್ರಶ್ನೆಗೆ ಗುರುತು ಹಾಕುತ್ತಾ ಹೋದರು. ಕೊನೆಯ ಪ್ರಶ್ನೆಯನ್ನು ಗಟ್ಟಿಯಾಗಿ ಓದಿದರು. ಪಾಸ್‌ವರ್ಡನ್ನು ಬೇರೆ ಯಾರಿಗಾದರೂ ಹೇಳಿದ್ದೀರಾ?

"ಮದಿ ಆದಲ್ಲಿಂದ ಇಲ್ಲಿವರೆಗೆ ಒಬ್ರಿಗೂ ಹೇಳ್ಲಿಲ್ಲ ಮೇಡಂ," ಎಂದರು ಅಕ್ಕ.

ಸೂಪರ್‌ವೈಸರ್ ಪೆನ್ನು ಹಿಡಿದು ಒಂದು ಕ್ಷಣ ಅಕ್ಕನನ್ನು ನೋಡಿದರು. ಆಮೇಲೆ ಬಾಗಿಲಿನ ಹೊರಗೆ ಖಾಲಿ ಕ್ಯಾನು ಹಿಡಿದು ಇನ್ನೂ ನಿಂತಿದ್ದ ಯಜಮಾನರನ್ನು ನೋಡಿದರು. ಆಮೇಲೆ ನನ್ನನ್ನು. ನಾನು ಕೆಮ್ಮಲಿಲ್ಲ, ಅಗತ್ಯ ಬೀಳಲಿಲ್ಲ. ಅವರೂ ಈ ಕಡೆಯವರೇ ಅಲ್ಲವೇ. ಗುರುತು ಹಾಕಿ, ಕೆಳಗೆ ಸಹಿ ಹಾಕಿ, ಈಗಿರುವ ಟೆಸ್ಟರನ್ನೇ ಮುಂದುವರಿಸಬಹುದು ಎಂದು ಬರೆದರು. ಅಕ್ಕ ಕುರ್ಚಿಯಿಂದ ಏಳದೆಯೇ ಕೈ ಮುಗಿದರು.

ಮರುದಿನ ಬೆಳಿಗ್ಗೆ ನಾನು ಯಂತ್ರ ತೆರೆಯಲು ಎಂದಿನ ಹೊತ್ತಿಗೇ ಹೋದೆ. ಬಾಗಿಲು ತೆರೆದಿತ್ತು, ಪರದೆ ಬೆಳಗಿತ್ತು, ಪ್ರಿಂಟರ್ ಕರಕರ ಎನ್ನುತ್ತಿತ್ತು, ಸಾಲು ಅರ್ಧ ಕರಗಿತ್ತು. ಅಕ್ಕ ಕೈ ನಿಲ್ಲಿಸದೆ ಒಮ್ಮೆ ನನ್ನ ಕಡೆ ನೋಡಿದರು.

"ಎಂತ ಅಣ್ಣ," ಎಂದರು, "ಇವತ್ತ್ ಇಷ್ಟ್ ಬೇಗ ಬಂದದ್ದ್?"